ಕೇಬಲ್ ಗುಂಡಿಯ ಮಹಾಯುದ್ಧ

ಒಂದು ಒಳ್ಳೆಯ ಕಾದಂಬರಿ ಕೈಯಲ್ಲಿದ್ದರೆ ಸಿನಿಮಾ ತೆಗೆಯುವುದು ಅಂಥ ಕಷ್ಟದ ಕೆಲಸವೇನೂ ಅಲ್ಲ ಎಂದು ನಾನು ದೃಢವಾಗಿ ನಂಬಿದ್ದ ಕಾಲವೊಂದಿತ್ತು. ಕಥೆಯನ್ನು ಬರೆದವನು ಬರೆದಿಟ್ಟಿದ್ದಾನೆ. ಮಾತುಗಳನ್ನೂ ಅವನೇ ಬರೆದಿದ್ದಾನೆ. ಯಾರು ಯಾವಾಗ ಸಾಯಬೇಕು ಎಂಬ ತಲೆನೋವೂ ಅವನದೇ. ಕ್ಯಾಮೆರಾ ಹಿಡಿಯಲು ಬೇರೆ ಜನ ಸಿಗುತ್ತಾರೆ. ನಟಿಸಲು ಬೇರೆ ಜನ ಸಿಗುತ್ತಾರೆ. ಅಂದಮೇಲೆ ನಿರ್ದೇಶಕನಿಗೆ ಉಳಿಯುವ ಕೆಲಸವೇನು? ಬಿಳಿ ಟೋಪಿ ಹಾಕಿಕೊಂಡು ಕೈ ಬೀಸುವುದು. ನನ್ನಲ್ಲಿ ಬಿಳಿ ಟೋಪಿ ಇತ್ತು!

ಆಗ ನಾನು ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದೆ. ಕಾರ್ಖಾನೆಯ ಪ್ರಯೋಗಾಲಯದಲ್ಲಿ ಕಾಗದ ಹರಿದು ನೋಡುವುದು ನನ್ನ ಉದ್ಯೋಗ. ಎಷ್ಟು ಎಳೆದರೆ ಹರಿಯುತ್ತದೆ ಎಂದು ಬರೆದಿಡಬೇಕು. ದಿನವಿಡೀ ಹರಿಯುವ ಮನುಷ್ಯನಿಗೆ ಸಂಜೆ ಏನನ್ನಾದರೂ ಕಟ್ಟಬೇಕು ಅನ್ನಿಸುವುದು ಸಹಜ. ಹಾಗಾಗಿ ಕ್ವಾರ್ಟರ್ಸಿನ ಮನರಂಜನಾ ಕ್ಲಬ್ಬಿನ ವಾರ್ಷಿಕೋತ್ಸವಕ್ಕೆ ಪ್ರತಿವರ್ಷ ನಾನೇ ನಾಟಕ ಕಟ್ಟುತ್ತಿದ್ದೆ. ಮನೆಮನೆಗೂ ಕೇಬಲ್ ಟಿವಿ ಬಂದ ಮೇಲೆ ನಾಟಕಕ್ಕೆ ಬರುವವರು ಕಡಿಮೆಯಾದರು. ಆ ವರ್ಷ ಕಮಿಟಿಯ ಸಭೆಯಲ್ಲಿ ನಾನು ಎದ್ದು ನಿಂತು ಘೋಷಿಸಿದೆ: "ಈ ಸಲ ನಾಟಕ ಬೇಡ. ಸಿನಿಮಾ ತೆಗೆಯೋಣ. ವೀಡಿಯೋ ಸಿನಿಮಾ!"

ಕಥೆ ಆಗಲೇ ನನ್ನ ಚೀಲದಲ್ಲಿತ್ತು. ಶಿವಮೊಗ್ಗದ ಗಾಂಧಿ ಬಜಾರಿನ ಬಳಿ ಹಳೇ ಪುಸ್ತಕದ ಗಾಡಿಯಲ್ಲಿ ಸಿಕ್ಕ ಒಂದು ಇಂಗ್ಲಿಷ್ ಕಾದಂಬರಿ ಅದು. ಹೊದಿಕೆ ಹಾರಿಹೋಗಿತ್ತು, ಮೊದಲ ಕೆಲವು ಪುಟಗಳೂ ಇರಲಿಲ್ಲ. ಬರೆದವರು ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಯಾವುದೋ ದೇಶದ ಮೂವರು ಹುಡುಗರು, ಮೀಸೆ ಇನ್ನೂ ಸರಿಯಾಗಿ ಮೂಡದವರು, ದೊಡ್ಡವರ ಭಾಷಣ ಕೇಳಿ ಉಬ್ಬಿಹೋಗಿ ಹಾಡು ಹೇಳುತ್ತ ಯುದ್ಧಕ್ಕೆ ಹೊರಡುತ್ತಾರೆ. ಅಲ್ಲಿ ಕಂದಕದ ಕೆಸರಿನಲ್ಲಿ ಹಸಿದು, ನೆನೆದು, ತಾವು ಯಾಕೆ ಬಂದೆವು ಎಂಬುದೇ ಮರೆತುಹೋಗುತ್ತದೆ. ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿ ಮುಗಿಸಿದಾಗ ನನ್ನ ಕಣ್ಣು ಒದ್ದೆಯಾಗಿತ್ತು. ಇದು ನಿಜ. ನಂತರ ನಡೆದದ್ದೆಲ್ಲ ತಮಾಷೆಯಾದರೂ ಆ ಕಣ್ಣೀರು ಮಾತ್ರ ತಮಾಷೆಯಲ್ಲ.

ಮೊದಲ ವಿಘ್ನ ಹುಡುಗರ ರೂಪದಲ್ಲಿ ಬಂತು. ಅಂದರೆ, ಬರಲೇ ಇಲ್ಲ! ಕ್ವಾರ್ಟರ್ಸಿನ ಹದಿನೆಂಟರ ಹುಡುಗರೆಲ್ಲ "ಹೀರೋಯಿನ್ ಯಾರು ಸಾರ್?" ಎಂದು ಕೇಳಿದರು. ಕಂದಕದಲ್ಲಿ ಹೀರೋಯಿನ್ ಇರುವುದಿಲ್ಲ ಎಂದೆ. ಮರುದಿನದಿಂದ ಅವರಿಗೆಲ್ಲ ಪರೀಕ್ಷೆ ಶುರುವಾಯಿತು.

ಕೊನೆಗೆ ನನ್ನ ತರುಣ ಸೈನಿಕರಾಗಿ ದೊರೆತವರು ಮೂವರು. ಒಬ್ಬ ಬಾಯ್ಲರ್ ವಿಭಾಗದ ಸೆಲ್ವರಾಜ್, ಮನೆಮಾತು ತಮಿಳು. ನಲವತ್ತನಾಲ್ಕು ವರ್ಷ, ಗೌರವಾನ್ವಿತ ಹೊಟ್ಟೆ. ಎರಡನೆಯವನು ಪ್ಯಾಕಿಂಗ್ ವಿಭಾಗದ ನಾಗರಾಜ. ಅವನಿಗೆ ಮೂವತ್ತೊಂಬತ್ತು, ಆದರೆ ತಲೆಯ ಮೇಲೆ ಒಂದು ಕೂದಲೂ ಇಲ್ಲದ್ದರಿಂದ ಐವತ್ತು ಎಂದು ಕಾಣುತ್ತಿದ್ದ. ಮೂರನೆಯವನು ನನ್ನ ಹೆಂಡತಿಯ ತಮ್ಮ ಗುರು. ಇದ್ದುದರಲ್ಲಿ ಅವನೊಬ್ಬನೇ ಎಳೆಯವನು. ಆದರೆ ಹೆಣ್ಣು ನೋಡುತ್ತಿದ್ದ ಕಾಲ. ಮೀಸೆ ತೆಗೆಯಲು ಸುತರಾಂ ಒಪ್ಪಲಿಲ್ಲ.

"ಸೆಲ್ವರಾಜ್, ನೀವು ಹದಿನೆಂಟು ವರ್ಷದವರ ಥರ ಕಾಣ್ಬೇಕು," ಎಂದೆ.

"ಪರವಾಯಿಲ್ಲೆ ಸಾರ್," ಎಂದ ಸೆಲ್ವರಾಜ್. "ದೂರದಿಂದ ತೆಗೀರಿ. ತುಂಬಾ ದೂರದಿಂದ!"

ಸೇನೆಯ ರೀತಿನೀತಿ ತಿಳಿಯಲು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿಯಾಗಿದ್ದ ಹವಾಲ್ದಾರ್ ರಂಗಪ್ಪನವರನ್ನು ಕಂಡೆ. ನಿಜವಾದ ಯುದ್ಧ ನೋಡಿ ಬಂದವರು, ಎಡಗಾಲು ಸ್ವಲ್ಪ ಎಳೆದು ನಡೆಯುತ್ತಿದ್ದರು. ಯುದ್ಧದ ವಿಷಯ ಯಾರೊಂದಿಗೂ ಮಾತಾಡಿದವರಲ್ಲ. ನಾನು ವಿಷಯ ಹೇಳಿದಾಗ ನನ್ನನ್ನು ಟೋಪಿಯಿಂದ ಚಪ್ಪಲಿಯವರೆಗೆ ಒಮ್ಮೆ ನೋಡಿದರು.

"ನಾಟಕ ಆಡೋ ವಿಷಯ ಅಲ್ಲ ಅದು," ಎಂದರು. "ಮಾಡೋದಾದ್ರೆ ಮಾಡ್ಕೊಳ್ಳಿ. ನಾನು ಬರಲ್ಲ."

ಅಷ್ಟೇ. ಮುಖ ತಿರುಗಿಸಿ ಲಾರಿಯೊಂದರ ಗೇಟ್‌ಪಾಸ್ ನೋಡತೊಡಗಿದರು. ಆ ಮಾತು ನನಗೆ ಎಲ್ಲೋ ಚುಚ್ಚಿತು. ಈ ಮನುಷ್ಯ ತಲೆದೂಗುವಂಥ ಸಿನಿಮಾ ತೆಗೆದೇ ತೆಗೆಯುತ್ತೇನೆ ಎಂದು ಅಲ್ಲೇ ನಿಂತು ಪ್ರತಿಜ್ಞೆ ಮಾಡಿದೆ.

ಸಮವಸ್ತ್ರಕ್ಕೆ ಶಿವಮೊಗ್ಗದ ನಾಟಕದ ಡ್ರೆಸ್ ಅಂಗಡಿಗೆ ಹೋದೆ. ಅವರಲ್ಲಿ ಇದ್ದದ್ದು ಕೌರವರ ಸೈನ್ಯ ಮಾತ್ರ. ಕೊನೆಗೆ ಹಾಗೂ ಹೀಗೂ ಮೂರು ಜೊತೆ ಖಾಕಿ ಬಟ್ಟೆ ಸಿಕ್ಕವು. ಹೆಲ್ಮೆಟ್ಟಿಗೆ ಬೇರೆಲ್ಲೂ ಹೋಗಬೇಕಾಗಲಿಲ್ಲ. ನಮ್ಮ ಅಡುಗೆಮನೆಯಲ್ಲಿದ್ದ ಎರಡೇ ಅಲ್ಯೂಮಿನಿಯಂ ಪಾತ್ರೆಗಳಿಗೆ ಹಸಿರು ಪೇಂಟ್ ಬಳಿದೆ; ಗುರುವಿಗೆ ಹೆಲ್ಮೆಟ್ ಇಲ್ಲ. ನನ್ನ ಹೆಂಡತಿ ವಿಮಲಾ ಅಕ್ಕಿ ತೊಳೆಯಲು ಹೋಗಿ ಅದನ್ನು ಕಂಡಳು.

"ಇದೇನ್ರೀ ಇದು?"

"ಹೆಲ್ಮೆಟ್."

"ಬೆಳಿಗ್ಗೆವರೆಗೂ ಅನ್ನದ ಪಾತ್ರೆ ಆಗಿತ್ತಲ್ಲ ಮಾರಾಯ್ರೆ!"

"ಕಲೆಗೋಸ್ಕರ ಸ್ವಲ್ಪ ತ್ಯಾಗ ಮಾಡ್ಬೇಕು ವಿಮಲಾ."

"ಮಾಡೋಣ. ಇವತ್ತು ರಾತ್ರಿ ಅನ್ನ ತ್ಯಾಗ ಮಾಡೋಣ," ಎಂದಳು. ಮಾಡಿದೆವು!

ಮೊದಲ ದಿನದ ಚಿತ್ರೀಕರಣ ತ್ಯಾವರೆಕೊಪ್ಪದ ಕಡೆ. ಹುಡುಗರು ಹಾಡುತ್ತ ಕಾಡಿನ ದಾರಿಯಲ್ಲಿ ಹೊರಡುವ ದೃಶ್ಯ. ವ್ಯಾನು ಗೊತ್ತು ಮಾಡಲು ಮರೆತಿದ್ದೆ. ಆದ್ದರಿಂದ ನಮ್ಮ ಸೇನೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೊರಟಿತು. ಖಾಕಿ ತೊಟ್ಟು ಬಾಗಿಲ ಬಳಿ ನಿಂತಿದ್ದ ಸೆಲ್ವರಾಜನನ್ನು ನೋಡಿ ಒಬ್ಬ ಅಜ್ಜಿ ಚಿಲ್ಲರೆ ಚಾಚಿದಳು: "ಒಂದು ಶಿವಮೊಗ್ಗ ಕೊಡಪ್ಪ."

"ನಾನು ಕಂಡಕ್ಟರ್ ಅಲ್ಲ ಪಾಟಿ. ನಾನು ಸೋಲ್ಜರ್."

ಅಜ್ಜಿ ಅವನ ಹೊಟ್ಟೆಯನ್ನು ನೋಡಿದಳು. "ಇರಲಿ ಬಿಡು, ಹಿಂದಿನವನ ಹತ್ರ ತಗೋತೀನಿ," ಎಂದು ಹಿಂದಿದ್ದ ನಾಗರಾಜನಿಗೆ ಚಾಚಿದಳು!

ಶಿವಮೊಗ್ಗದಲ್ಲಿ ಕ್ಯಾಮೆರಾಮನ್ ಮಂಜಣ್ಣ ಸೇರಿಕೊಂಡ. ಊರಿನ ಅರ್ಧಕ್ಕರ್ಧ ಮದುವೆಗಳ ವೀಡಿಯೋ ತೆಗೆದವನು. ಆಟೋ ಹಿಡಿದು ಕಾಡಿನ ಅಂಚಿಗೆ ಹೋದೆವು. ನಾನು ಟೋಪಿ ಸರಿಮಾಡಿಕೊಂಡು ಕೈ ಬೀಸಿದೆ. ಮೂವರೂ ಹಾಡುತ್ತ ಮುಂದೆ ನಡೆದರು. ಎರಡನೇ ಸಾಲಿಗೆ ಬರುವಷ್ಟರಲ್ಲಿ ಅಲ್ಲಿನ ಮೃಗಧಾಮದ ಸಫಾರಿಯ ಕಡೆಯಿಂದ ಸಿಂಹ ಗರ್ಜಿಸಿತು.

ಸಿಂಹ ಬೇಲಿಯ ಒಳಗಿತ್ತು. ಬೇಲಿ ಬಹಳ ದೂರದಲ್ಲಿತ್ತು. ಈ ವಿವರಗಳನ್ನು ನಾನು ಕೂಗಿ ಹೇಳುವಷ್ಟರಲ್ಲಿ ನನ್ನ ಸೈನ್ಯ ಕ್ಯಾಮೆರಾ ದಾಟಿ, ನನ್ನನ್ನು ದಾಟಿ, ಆಟೋದೊಳಗೆ ಕೂತಾಗಿತ್ತು! ಮಂಜಣ್ಣ ಮಾತ್ರ ಕ್ಯಾಮೆರಾ ನಿಲ್ಲಿಸಿರಲಿಲ್ಲ.

"ಸೂಪರ್ ಆಗಿ ಓಡಿದ್ದಾರೆ ಸಾರ್," ಎಂದ. "ಶತ್ರು ಮೇಲೆ ನುಗ್ಗೋ ಸೀನ್‌ಗೆ ಇದನ್ನೇ ಹಾಕ್ಬಿಡೋಣ."

ಇತಿಹಾಸದಲ್ಲಿ ಹಿಮ್ಮೆಟ್ಟುವಿಕೆಯನ್ನು ಮುನ್ನುಗ್ಗುವಿಕೆಯೆಂದು ಬರೆದುಕೊಂಡ ಸೇನಾಪತಿಗಳು ನನಗಿಂತ ಮೊದಲೂ ಇದ್ದಿರಬೇಕು. ಒಪ್ಪಿಕೊಂಡೆ.

ಎರಡನೇ ದಿನ ಕಂದಕ. ಕಾದಂಬರಿಯ ಜೀವವೇ ಅಲ್ಲಿತ್ತು. ಕಂದಕ ತೋಡಿಸುವುದು ನಮ್ಮ ಕೈಲಾಗುವ ಮಾತಲ್ಲ. ಆದರೆ ಅದೃಷ್ಟ ನೋಡಿ, ಶಿವಮೊಗ್ಗದ ನವುಲೆಯ ಕಡೆ ಟೆಲಿಫೋನ್ ಕೇಬಲ್ ಹಾಕಲು ರಸ್ತೆಯ ಬದಿಗೆ ಉದ್ದಕ್ಕೆ ಗುಂಡಿ ತೋಡಿಟ್ಟಿದ್ದರು. ಎದೆಯೆತ್ತರ, ಕೆಂಪು ಮಣ್ಣು, ತಳದಲ್ಲಿ ಒಂದಿಷ್ಟು ಕೆಸರು. ಯೂರೋಪಿನಲ್ಲೂ ಇದಕ್ಕಿಂತ ಒಳ್ಳೆಯ ಕಂದಕ ಇದ್ದಿರಲಾರದು! ಎದುರಿಗೆ ಒಂದು ಲಂಟಾನದ ಪೊದೆ. ನಟರ ಕೊರತೆಯಿಂದಾಗಿ ಶತ್ರುಸೈನ್ಯದ ಪಾತ್ರವನ್ನು ಆ ಪೊದೆಗೇ ವಹಿಸಿದೆ.

ಬೆಳಿಗ್ಗೆ ಒಂಬತ್ತಕ್ಕೇ ಮೂವರನ್ನೂ ಗುಂಡಿಗೆ ಇಳಿಸಿದೆ. ಪಕ್ಕದ ಹಿಟ್ಟಿನ ಗಿರಣಿಯಿಂದ ಕರೆಂಟಿನ ವೈರ್ ಎಳೆದು ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿದೆವು. ನಾಗರಾಜ ಸಾಯುವ ದೃಶ್ಯವನ್ನು ಮೊದಲು ಮುಗಿಸಿಕೊಂಡೆವು. ಇನ್ನು ಕಾದಾಟ ಶುರುಮಾಡಬೇಕು, ಆಗ ನೆನಪಾಯಿತು. ಬಾಂಬ್ ಇಲ್ಲ!

"ಪಟಾಕಿ ತರ್ಬೇಕು," ಎಂದೆ. "ಐದೇ ನಿಮಿಷ. ಯಾರೂ ಅಲ್ಲಾಡ್ಬೇಡಿ. ಮೈಗೆ ಕೆಸರು ಹಿಡಿದಿರೋದು ಹಾಗೇ ಇರ್ಬೇಕು. ಕಲೆಯ ಇತಿಹಾಸ ನಿಮ್ಮನ್ನು ನೋಡ್ತಾ ಇದೆ!"

ಮಂಜಣ್ಣ ಕ್ಯಾಮೆರಾಕ್ಕೆ ಒಂದು ಪ್ಲಾಸ್ಟಿಕ್ ಚೀಲ ಹೊದಿಸಿ ತನ್ನ ಸ್ಕೂಟರಿನಲ್ಲಿ ನನ್ನನ್ನು ಹತ್ತಿಸಿಕೊಂಡ.

ದೀಪಾವಳಿ ಮುಗಿದು ಎಷ್ಟೋ ತಿಂಗಳಾಗಿತ್ತು. ಒಂದು ಅಂಗಡಿಯವನು ಇನ್ನೊಂದಕ್ಕೆ ಕಳಿಸಿದ, ಇನ್ನೊಬ್ಬ ಮತ್ತೊಂದಕ್ಕೆ. ಕೊನೆಗೆ ಒಬ್ಬ ಸಾಹೇಬರು "ಆಪ್ತರಿಗೆ ಅಂತ ಇಟ್ಟಿದೀನಿ, ಗ್ಯಾರಂಟಿ ಮಾಲು," ಎಂದು ಒಂದು ಪೊಟ್ಟಣ ಕೊಟ್ಟರು. ಹೊರಡುವಷ್ಟರಲ್ಲಿ ಸ್ಕೂಟರ್ ಪಂಕ್ಚರ್. ಪಂಕ್ಚರ್ ಹಾಕಿಸುವಾಗ ಹಸಿವು. ಮಸಾಲೆ ದೋಸೆ ಬರುವುದು ತಡವಾಯಿತು. ನಡುವೆ ಸಣ್ಣಗೆ ಮಳೆಯೂ ಹನಿಯಿತು. ನನ್ನ ಐದು ನಿಮಿಷ ಮುಗಿದಾಗ ಗಡಿಯಾರದಲ್ಲಿ ಎರಡೂಮುಕ್ಕಾಲು!

ಮರಳಿ ಬಂದಾಗ ಮೂವರೂ ಗುಂಡಿಯಲ್ಲೇ ಕೂತಿದ್ದರು. ಯಾರೂ ನನ್ನ ಮುಖ ನೋಡಲಿಲ್ಲ. ಗ್ಯಾರಂಟಿ ಮಾಲಿಗೆ ಬೆಂಕಿ ಹಚ್ಚಿದೆ. ಅದು "ಪುಸ್" ಎಂದಿತು. ಎರಡನೆಯದೂ ಅದೇ ಅಭಿಪ್ರಾಯ ವ್ಯಕ್ತಪಡಿಸಿತು. ಮೂರನೆಯದನ್ನು ಹಚ್ಚುವಷ್ಟರಲ್ಲಿ ಕೇಬಲ್ ಕೆಲಸದ ಮೇಸ್ತ್ರಿ ಹತ್ತು ಆಳುಗಳೊಂದಿಗೆ ಬಂದು ಗುಂಡಿಯ ಅಂಚಿನಲ್ಲಿ ನಿಂತ.

"ಸಾರ್, ನಿಮ್ದು ಯುದ್ಧ ಮುಗೀತಾ? ನಾವು ಮುಚ್ಬೇಕು."

"ಇನ್ನೂ ಶುರುವೇ ಆಗಿಲ್ಲ ಕಣಯ್ಯಾ!"

"ಹಂಗಾರೆ ಬ್ಯಾರೆ ಕಡೆ ಮಾಡ್ಕಳಿ," ಎಂದು ಆಳುಗಳಿಗೆ ಕೈ ತೋರಿಸಿದ. ನನಗಿಂತ ಚೆನ್ನಾಗಿ ನಿರ್ದೇಶಿಸುತ್ತಿದ್ದ! ನಮ್ಮ ಕಣ್ಣೆದುರಿಗೇ ಯೂರೋಪಿನ ಕಂದಕ ಮುಚ್ಚಿಹೋಯಿತು. ಸೆಲ್ವರಾಜ್ ತಲೆಯಿಂದ ಹೆಲ್ಮೆಟ್ ತೆಗೆದು ನನ್ನ ಕೈಗಿಟ್ಟ. "ಇದ್ರಲ್ಲಿ ಅನ್ನ ಮಾಡಿ ಸಾರ್," ಎಂದು ಬಸ್ ಸ್ಟ್ಯಾಂಡಿನ ಕಡೆ ನಡೆದೇಬಿಟ್ಟ. ಉಳಿದಿಬ್ಬರೂ ಹಿಂಬಾಲಿಸಿದರು. ಹಾಗೆ ನನ್ನ ಯುದ್ಧ ಒಂದು ಗುಂಡೂ ಹಾರದೆ ಸಮಾಪ್ತಿಯಾಯಿತು.

ವಾರ್ಷಿಕೋತ್ಸವಕ್ಕೆ ಹತ್ತು ದಿನವಿತ್ತು. ಇದ್ದ ಟೇಪುಗಳನ್ನೆಲ್ಲ ಮಂಜಣ್ಣನ ಕೈಗೆ ಕೊಟ್ಟು, "ಒಳ್ಳೇದು ಏನೇನಿದೆಯೋ ಹುಡುಕಿ ಜೋಡಿಸಪ್ಪ," ಎಂದೆ. ನನಗೆ ಪಾಳಿಯ ಕೆಲಸ, ಶಿವಮೊಗ್ಗಕ್ಕೆ ಹೋಗಿ ಪಕ್ಕದಲ್ಲಿ ಕೂರಲಾಗಲಿಲ್ಲ. ನಿಜ ಹೇಳಬೇಕೆಂದರೆ ಧೈರ್ಯವೂ ಇರಲಿಲ್ಲ. ಮಂಜಣ್ಣ ಕ್ಯಾಸೆಟ್ ತಂದದ್ದು ಪ್ರದರ್ಶನದ ಸಂಜೆ, ದೀಪ ಆರಿಸುವ ಹೊತ್ತಿಗೆ.

ಕ್ಲಬ್ಬಿನ ಹಾಲ್ ತುಂಬಿಹೋಗಿತ್ತು. ಪಟಾಕಿಯ ಸುದ್ದಿ, ಸಿಂಹದ ಸುದ್ದಿ ಎಲ್ಲ ಕ್ವಾರ್ಟರ್ಸಿನಲ್ಲಿ ಹರಡಿ, ಕೇಬಲ್ ಟಿವಿಯನ್ನೂ ಬಿಟ್ಟು ಜನ ಬಂದಿದ್ದರು. ಎದೆ ಝಲ್ಲೆಂದದ್ದು ಮೊದಲ ಸಾಲು ನೋಡಿದಾಗ. ಬರುವುದಿಲ್ಲ ಎಂದಿದ್ದ ಹವಾಲ್ದಾರ್ ರಂಗಪ್ಪನವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನೆಟ್ಟಗೆ ಕೂತಿದ್ದರು!

ಸಿನಿಮಾ ಶುರುವಾಯಿತು. ಮೊದಲು ತೆರೆಯ ಕಡೆಯಿಂದ ನಾದಸ್ವರ ಕೇಳಿಸಿತು. ಮಂಜಣ್ಣ ಹಳೆಯ ಮದುವೆ ಕ್ಯಾಸೆಟ್ಟಿನ ಮೇಲೇ ತುಂಬಿಸಿದ್ದ. ಅಕ್ಷತೆ ಹಾಕುತ್ತಿದ್ದ ಯಾರೋ ಬೀಗರು ಮಾಯವಾಗಿ ನನ್ನ ಹೆಸರು ಬಂತು. ಆಮೇಲೆ ಮೂವರು ತರುಣರು ಶತ್ರುವಿನ ಮೇಲೆ ನುಗ್ಗಿದರು, ಹಿಂದಕ್ಕೆ ತಿರುಗಿ ತಿರುಗಿ ನೋಡುತ್ತ! ನಾಗರಾಜ ಎದೆ ಹಿಡಿದು ಸತ್ತಾಗ ತೆರೆಯ ನಾಲ್ಕೂ ಮೂಲೆಗಳಿಂದ ಗುಲಾಬಿ ದಳಗಳು ಉದುರಿದವು. ಅವನ ಬೋಳುತಲೆಯ ಸುತ್ತ ಹೃದಯದ ಆಕಾರದ ಚೌಕಟ್ಟು ಮೂಡಿತು. ಹಾಲ್ ನಗೆಯಿಂದ ಕುಸಿದುಬೀಳುವುದೊಂದು ಬಾಕಿ. ನಾಗರಾಜನ ಹೆಂಡತಿಯೇ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು.

ರಂಗಪ್ಪನವರು ಮಾತ್ರ ನಗಲಿಲ್ಲ.

ನಾನು ಮೆಲ್ಲಗೆ ಎದ್ದೆ. ಹಿಂಬಾಗಿಲು ಎಂಟು ಹೆಜ್ಜೆ ದೂರದಲ್ಲಿತ್ತು. ವಿಮಲಾ ನನ್ನ ಅಂಗಿಯ ತುದಿ ಹಿಡಿದಳು.

"ಎಲ್ಲಿಗೆ?"

"ತಲೆನೋವು."

"ಕೂತ್ಕೊಳ್ಳಿ. ಮಾಡಿದ್ದನ್ನ ಪೂರ್ತಿ ನೋಡಿ ಹೋಗಿ."

ಕೂತೆ. ಆಗ ತೆರೆಯ ಮೇಲೆ ನಾನು ತೆಗೆಯದ ಒಂದು ದೃಶ್ಯ ಬಂತು.

ಕಂದಕ. ಸಣ್ಣಗೆ ಮಳೆ. ಕ್ಯಾಮೆರಾದ ಅಂಚಿನಲ್ಲಿ ಪ್ಲಾಸ್ಟಿಕ್ ಚೀಲದ ತುದಿ ಹಾರಾಡುತ್ತಿತ್ತು, ಅದರಿಂದ ಚಿತ್ರವೆಲ್ಲ ಮಂಜುಮಂಜು. ಸೆಲ್ವರಾಜ್ ಗುಂಡಿಯ ಗೋಡೆಗೆ ಒರಗಿ ಕೂತಿದ್ದ. ಗುರು ಬೂಟಿನಿಂದ ಕೆಸರು ಕೆರೆಯುತ್ತಿದ್ದ. ನನಗೆ ನಿಧಾನವಾಗಿ ಅರ್ಥವಾಯಿತು. ಪಟಾಕಿಗೆ ಹೊರಟ ಅವಸರದಲ್ಲಿ ಮಂಜಣ್ಣ ಕ್ಯಾಮೆರಾ ನಿಲ್ಲಿಸುವುದನ್ನು ಮರೆತಿದ್ದ!

"ಗಂಟೆ ಎಷ್ಟು?" ಎಂದ ನಾಗರಾಜ.

"ನೋಡಿ ಏನ್ ಮಾಡ್ತೀಯ?" ಎಂದ ಗುರು.

"ಹಸಿವು."

ಗುರು ಜೇಬಿನಿಂದ ಕಾಗದದಲ್ಲಿ ಸುತ್ತಿದ ಒಂದು ಚಪಾತಿ ತೆಗೆದ. ಮೂರು ತುಂಡು ಮಾಡಿದ. ದೊಡ್ಡ ತುಂಡನ್ನು ಸೆಲ್ವರಾಜನಿಗೆ ಕೊಟ್ಟ. ಸೆಲ್ವರಾಜ್ ಅದರಲ್ಲಿ ಅರ್ಧ ಮುರಿದು ನಾಗರಾಜನಿಗೆ ಕೊಟ್ಟ. ಮೂವರೂ ಅಗಿಯುತ್ತ ಕೂತರು.

"ನನ್ನ ಚಿಕ್ಕವಳಿಗೆ ಇವತ್ತು ಹುಟ್ಟಿದ ದಿನ," ಎಂದ ಸೆಲ್ವರಾಜ್. "ಬೇಗ ಬರ್ತೀನಿ ಅಂದಿದ್ದೆ."

"ನಾವು ಯಾಕೆ ಬಂದ್ವಿ ಇಲ್ಲಿಗೆ?" ಎಂದ ನಾಗರಾಜ.

"ಅವನು ಕರೆದ, ಬಂದ್ವಿ. ಏನೇನೋ ಹೇಳಿದ. ಇತಿಹಾಸ ಅಂದ," ಎಂದ ಸೆಲ್ವರಾಜ್.

"ಅವನು ಎಲ್ಲಿ ಈಗ?"

"ದೊಡ್ಡವರು ಗುಂಡಿಗೆ ಇಳಿಯಲ್ಲಪ್ಪಾ. ಮೇಲೆ ನಿಂತು ಕೈ ತೋರಿಸ್ತಾರೆ. ಎಲ್ಲಾದ್ರೂ ಬೆಚ್ಚಗೆ ಕೂತು ತಿಂತಾ ಇರ್ತಾನೆ."

ಅಂದಿನ ಮಸಾಲೆ ದೋಸೆ ನೆನಪಾಗಿ ನಾನು ತಲೆಯ ಮೇಲಿದ್ದ ಬಿಳಿ ಟೋಪಿ ತೆಗೆದು ಜೇಬಿಗೆ ತುರುಕಿದೆ.

"ಎದ್ದು ಹೋಗ್ಬಿಡೋಣ," ಎಂದ ಗುರು.

"ಹೋದ್ರೆ ಹೆದರಿ ಓಡಿದ್ರು ಅಂತಾರೆ," ಎಂದ ನಾಗರಾಜ.

"ಅನ್ನಲಿ."

"ನೀನು ಹೋಗು. ನಿನಗೆ ಮದುವೆ ಆಗ್ಬೇಕು," ಎಂದ ಸೆಲ್ವರಾಜ್.

"ನೀವಿಬ್ರೂ?"

ಸೆಲ್ವರಾಜ್ ತನ್ನ ತಲೆಯ ಮೇಲಿದ್ದ ಪಾತ್ರೆ ತೆಗೆದು ಗುರುವಿನ ತಲೆಯ ಮೇಲೆ ಮಳೆ ಬೀಳದ ಹಾಗೆ ಹಿಡಿದ. ಗುರು ಏಳಲಿಲ್ಲ. ಮೂವರೂ ಹಾಗೇ ಒತ್ತಿಕೊಂಡು ಕೂತರು. ಟೇಪು ಅಲ್ಲಿಗೆ ಮುಗಿದಿತ್ತು. ತೆರೆ ಕಪ್ಪಾಯಿತು.

ದೀಪ ಹತ್ತಿತು. ಯಾರೂ ನಗುತ್ತಿರಲಿಲ್ಲ. ಮೊದಲ ಸಾಲಿನಲ್ಲಿ ಕುರ್ಚಿಯೊಂದು ಕಿರುಗುಟ್ಟಿತು. ರಂಗಪ್ಪನವರು ಎದ್ದು ನಿಂತಿದ್ದರು.

"ಹಿಂಗೇ ಕೂತಿದ್ವಿ ನಾವು," ಎಂದರು. "ಇದೇ ಮಾತು. ನಮ್ಮ ಹತ್ರಾನೂ ಒಬ್ಬ ಎಳೇ ಹುಡುಗ ಇದ್ದ. ನೀನು ಹೋಗೋ ಅಂದ್ವಿ. ಹೋಗ್ಲಿಲ್ಲ."

ಎಡಗಾಲು ಎಳೆಯುತ್ತ ಬದಿಗೆ ನಡೆದು, ಅಲ್ಲಿ ನಿಂತಿದ್ದ ನನ್ನ ಮೂವರು ನಟರ ಎದುರು ನೆಟ್ಟಗಾಗಿ ಸೆಲ್ಯೂಟ್ ಹೊಡೆದರು. ಸೆಲ್ವರಾಜ್ ಗಾಬರಿಯಲ್ಲಿ ಕೈ ಮುಗಿದ. ರಂಗಪ್ಪನವರು ಆ ಕೈ ಹಿಡಿದುಕೊಂಡರು, ಬಹಳ ಹೊತ್ತು ಬಿಡಲಿಲ್ಲ. ಆಮೇಲೆ ಎದ್ದ ಚಪ್ಪಾಳೆ ಇದೆಯಲ್ಲ, ಅಂಥದ್ದನ್ನು ನಮ್ಮ ಹಾಲ್ ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ!

"ಇನ್ನೊಂದ್ಸಲ ಹಾಕಿ!" ಎಂದು ಕೂಗು ಎದ್ದಿತು. ಹಾಕಿದರು. ಮರುದಿನ ಎರಡು ಪ್ರದರ್ಶನ. ಆ ವಾರ ಶಿವಮೊಗ್ಗದ ಎರಡು ಕಾಲೇಜುಗಳಿಗೆ ಕ್ಯಾಸೆಟ್ ಹೋಯಿತು. ಗುರುವಿಗೆ ಹೆಣ್ಣಿನ ಕಡೆಯವರೇ ಮನೆ ಹುಡುಕಿಕೊಂಡು ಬಂದರು, "ಚಪಾತಿ ಹಂಚಿದ ಹುಡುಗ ಇವನೇನಾ?" ಎಂದು ಕೇಳುತ್ತ. ಸೆಲ್ವರಾಜ್ ಬಾಯ್ಲರ್ ವಿಭಾಗದ ಮಹಾನಟನಾದ.

ನನಗೂ ಕಡಿಮೆಯಾಗಲಿಲ್ಲ. ಸಮಾರೋಪದಲ್ಲಿ ಶಾಲು, ಹಾರ, ಫಲತಾಂಬೂಲ. ಕ್ಲಬ್ಬಿನ ಅಧ್ಯಕ್ಷರು ಮೈಕಿನಲ್ಲಿ ಕೇಳಿದರು: "ಎಂಥ ಸಹಜ ಸಂಭಾಷಣೆ! ಬರೆಯಲು ಎಷ್ಟು ದಿನ ಹಿಡಿಯಿತು?"

"ನಾನು ಏನೂ ಬರೀಲಿಲ್ಲ ಸಾರ್. ತಾನಾಗೇ ಬಂತು," ಎಂದೆ. ನನ್ನ ಜೀವನದಲ್ಲಿ ಅಷ್ಟು ಅಪ್ಪಟ ಸತ್ಯವನ್ನು ನಾನು ವೇದಿಕೆಯ ಮೇಲೆ ಹೇಳಿದ್ದಿಲ್ಲ. ಜನ ನನ್ನ ವಿನಯಕ್ಕೆ ಚಪ್ಪಾಳೆ ತಟ್ಟಿದರು!

"ಇನ್ನೊಂದು ಮಾತು," ಎಂದರು ಅಧ್ಯಕ್ಷರು. "ಆ ಹುಡುಗರನ್ನು ಗುಂಡಿಗೆ ದೂಡಿ ತಾನು ಬೆಚ್ಚಗೆ ತಿನ್ನುತ್ತಿದ್ದ ನೀಚ ಅಧಿಕಾರಿ ಇದ್ದಾನಲ್ಲ, ಅವನನ್ನು ತೆರೆಯ ಮೇಲೆ ತೋರಿಸಲೇ ಇಲ್ಲ ನೀವು. ಅವನ ಮೇಲೆ ಎಂಥ ಸಿಟ್ಟು ಬಂತು ಗೊತ್ತಾ? ಅವನೇನಾದರೂ ನನ್ನ ಎದುರಿಗೆ ಸಿಕ್ಕಿದ್ದರೆ..."

ನಾನು ಶಾಲನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡೆ. ಸಭೆಯ ಮೂಲೆಯಲ್ಲಿ ಸೆಲ್ವರಾಜ್ ಕೆಮ್ಮಿದ. ಮಹಿಳೆಯರ ಸಾಲಿನಲ್ಲಿ ವಿಮಲಾ ಕರ್ಚೀಫಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅವಳ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡು ಪಕ್ಕದವರು ಬೆನ್ನು ಸವರಿ ಸಮಾಧಾನ ಮಾಡಿದರು.

ಮುಂದಿನ ವರ್ಷವೂ ಸಿನಿಮಾ ತೆಗೆಯಬೇಕೆಂದು ಕಮಿಟಿ ಸರ್ವಾನುಮತದಿಂದ ತೀರ್ಮಾನಿಸಿತು. ನಿರ್ದೇಶನಕ್ಕೆ ನನ್ನ ಹೆಸರನ್ನು ಸೂಚಿಸಿದವನು ನಾಗರಾಜ, ಅನುಮೋದಿಸಿದವನು ಸೆಲ್ವರಾಜ್. ನನ್ನ ಎದೆ ಹೆಮ್ಮೆಯಿಂದ ಉಬ್ಬಿತು. ನಟರೆಲ್ಲ ಸೇರಿ ಹಾಕಿದ ಷರತ್ತು ಒಂದೇ ಒಂದು. ಅದನ್ನು ನಡಾವಳಿ ಪುಸ್ತಕದಲ್ಲೂ ಶುದ್ಧ ಕನ್ನಡದಲ್ಲಿ ದಾಖಲಿಸಿದ್ದಾರೆ:

"ಚಿತ್ರೀಕರಣ ನಡೆಯುವಾಗ ಮಾನ್ಯ ನಿರ್ದೇಶಕರು ಸ್ಥಳದಲ್ಲಿ ಇರತಕ್ಕದ್ದಲ್ಲ."